ತೂತಿಲ್ಲದ ಪೈಪು

ನಮ್ಮಪ್ಪ ಬೀಡಿ ಬಿಟ್ಟು ಏಳು ವರ್ಷ ಆಯ್ತು. ಎದೆನೋವು ಬಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಎದ್ದವರು, ಮನೆಗೆ ಬಂದು ಜೇಬಲ್ಲಿದ್ದ ಕಟ್ಟನ್ನು ಒಲೆಗೆ ಹಾಕಿದರು. ಅವತ್ತಿಂದ ಮುಟ್ಟಿಲ್ಲ. ಅಂಥ ಮನುಷ್ಯನಿಗೆ ಮಗನಾದ ನಾನೇ ಒಂದು ತಂಬಾಕಿನ ಪೈಪು ತಂದುಕೊಟ್ಟೆ ಅಂದರೆ ನೀವು ಬೈತೀರ. ಅಮ್ಮನೂ ಬೈದಳು. ಆದರೆ ಕಥೆ ಪೂರ್ತಿ ಕೇಳಿ.

ಮಾಗಡಿ ಹತ್ತಿರದ ನಮ್ಮೂರಲ್ಲಿ ಹಬ್ಬಕ್ಕೆ ನಾಟಕ ಆಡ್ತಾರೆ. ಸಾಮಾನ್ಯವಾಗಿ ಕುರುಕ್ಷೇತ್ರವೇ. ಈ ಸಲ ಸಾಮಾಜಿಕ ನಾಟಕ. ಅಪ್ಪನಿಗೆ ರಿಟೈರ್ಡ್ ಮಿಲಿಟರಿ ಆಫೀಸರ್ ಪಾತ್ರ, ಕೈಯಲ್ಲಿ ಪೈಪು ಇರಲೇಬೇಕು. ಡ್ರಾಮಾ ಸೀನರಿಯವರು ಕೊಟ್ಟಿದ್ದು ಪ್ಲಾಸ್ಟಿಕ್‌ದು. "ಇದೇನ್ಲಾ, ಮಕ್ಕಳು ಸೋಪುನೀರಿನ ಗುಳ್ಳೆ ಬಿಡೋ ಕೊಳವೆ ಇದ್ದಂಗದೆ" ಅಂತ ಅಪ್ಪ ಮುಖ ಸಿಂಡರಿಸಿದರು.

ಮುಂದಿನ ಭಾನುವಾರ ಬೆಂಗಳೂರಿನ ಸಂಡೇ ಬಜಾರಲ್ಲಿ ಹಳೇ ಗಡಿಯಾರಗಳ ನಡುವೆ ಒಂದು ಪೈಪು ಸಿಕ್ತು. ಚೌಕಾಸಿ ಮಾಡಿ ಮುನ್ನೂರೈವತ್ತಕ್ಕೆ ತಂದೆ. ಮರ ಬ್ರಯರ್. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯುವ ಒಂದು ಪೊದೆಯ ಬೇರುಗಂಟು ಅದು. ಬೆಂಕಿಯ ಕಾವಿಗೆ ಸುಲಭಕ್ಕೆ ಸುಡೋದಿಲ್ಲ, ಅದಕ್ಕೇ ಪೈಪಿಗೆ ಬಳಸ್ತಾರೆ. ಬಾಯಿಗಿಡುವ ಕೊಳವೆ ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಹಳೇ ಇಂಕ್ ಪೆನ್ನುಗಳು ಇದರಲ್ಲೇ ಆಗ್ತಿದ್ದವು. ಬಿಸಿಲು ಬಿದ್ದೂ ಬಿದ್ದೂ ಕಪ್ಪು ಹೋಗಿ ಹಸಿರು ಮಿಶ್ರಿತ ಕಂದು ಆಗಿತ್ತು. ತುದಿಯಲ್ಲಿ ಯಾರದೋ ಹಲ್ಲಿನ ಗುರುತು, ಒಂದು ಕಡೆ ಕಚ್ಚಿ ಮುರಿದಿತ್ತು.

ಅದೆಲ್ಲ ಸರಿ. ನನಗೆ ಭಯ ಆಗಿದ್ದು ವಾಸನೆಯಿಂದ. ಮೂಗಿನ ಹತ್ತಿರ ತಂದರೆ ಸಾಕು, ತಂಬಾಕು ಘಮ್ಮಂತಿತ್ತು. ಬಿಟ್ಟವರಿಗೆ ವಾಸನೆಯೇ ಮೊದಲ ಶತ್ರು ಅಂತಾರೆ. ಹಾಗಾಗಿ ಪೈಪನ್ನು ಮನೆಗೆ ಒಯ್ಯದೆ ಬೆಂಗಳೂರಿನ ನನ್ನ ರೂಮಲ್ಲೇ ಇಟ್ಟುಕೊಂಡು ತೊಳೆಯೋಕೆ ಕೂತೆ.

ಬಟ್ಟಲೊಳಗೆ ಇದ್ದಿಲಿನ ಪದರ ಕಟ್ಟಿರುತ್ತೆ. ಸೇದುವವರಾದರೆ ತೆಳ್ಳಗೆ ಒಂದು ಪದರ ಬಿಡ್ತಾರೆ, ಮರ ಸುಡದಿರಲಿ ಅಂತ. ನನಗೆ ಅದು ಬೇಕಿರಲಿಲ್ಲ. ಮೊಂಡು ಚಾಕುವಿನಿಂದ ನಿಧಾನಕ್ಕೆ ಕೆರೆದು, ಮರಳುಕಾಗದದಲ್ಲಿ ಉಜ್ಜಿ ಪೂರಾ ತೆಗೆದೆ. ಕೀಬೋರ್ಡ್ ಒರೆಸೋಕೆ ಇಟ್ಟಿದ್ದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ, ತಂತಿಗೆ ಸುತ್ತಿ ಒಳದಾರಿಗೆ ತೂರಿಸಿದೆ. ಹೊರಗೆ ಬಂದಾಗ ಕಾಫಿ ಡಿಕಾಕ್ಷನ್ ಬಣ್ಣ. ಇಪ್ಪತ್ತು ಸಲ ಆದಮೇಲೂ ಕಂದೇ. ಆಮೇಲೆ ಬಟ್ಟಲಿಗೆ ಉಪ್ಪು ತುಂಬಿ, ಅದು ನೆನೆಯುವಷ್ಟು ಸ್ಪಿರಿಟ್ ಹನಿಸಿ ರಾತ್ರಿ ಬಿಟ್ಟೆ. ಸ್ಪಿರಿಟ್ ಮರದೊಳಗಿನ ಜಿಡ್ಡು ಕರಗಿಸುತ್ತೆ, ಉಪ್ಪು ಅದನ್ನು ಹೀರಿಕೊಳ್ಳುತ್ತೆ. ಬೆಳಗ್ಗೆ ಬೆಳ್ಳಗಿದ್ದ ಉಪ್ಪು ಬೆಲ್ಲದ ಪುಡಿಯ ಹಾಗೆ ಆಗಿತ್ತು. (ಮಾಡುವವರು ಕಿಟಕಿ ತೆಗೆದಿಡಿ, ಒಲೆಯ ಹತ್ತಿರ ಬೇಡ.)

ಮುರಿದ ಕೊಳವೆಗೆ ಏನು ಮಾಡೋದು? ನಮ್ಮ ಕಡೆಯವರಿಗೆ ಅದಕ್ಕೆ ಉತ್ತರ ಗೊತ್ತೇ ಇದೆ: ಚನ್ನಪಟ್ಟಣ.

ಪರಿಚಯದ ಕುಶಲಕರ್ಮಿಯೊಬ್ಬರು ಅಲ್ಲಿ ಲೇತ್ ಇಟ್ಟುಕೊಂಡಿದ್ದಾರೆ. ಪೈಪನ್ನು ತಿರುಗಿಸಿ ನೋಡಿ, ಒಣಗಿದ ಹಾಲೆ ಮರದ ತುಂಡೊಂದನ್ನು ಆರಿಸಿಕೊಂಡರು. ಬೊಂಬೆಗೆ ಬಳಸುವ ಅದೇ ಬಿಳಿ, ನಯವಾದ ಮರ. ಉಳಿ ಹಿಡಿಯುವ ಮುಂಚೆ ಕೇಳಿದರು:

"ತೂತು ಬೇಕಾ, ಬ್ಯಾಡ್ವಾ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ತೂತಿದ್ದರೆ ಪೈಪು, ಇಲ್ಲದಿದ್ದರೆ ಬೊಂಬೆ. ಒಂದು ನಿಮಿಷ ಸುಮ್ಮನಿದ್ದು "ಬೇಡ" ಅಂದೆ. ಅವರು ಯಾಕೆ ಅಂತ ಕೇಳಲಿಲ್ಲ.

ಕೊಳವೆಯ ಆಕಾರ ಬಂದ ಮೇಲೆ, ತಿರುಗುತ್ತಿದ್ದ ಮರಕ್ಕೆ ಕಪ್ಪು ಅರಗಿನ ಕಡ್ಡಿ ಒತ್ತಿ ಹಿಡಿದರು. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿಯಿಂದ ಒತ್ತಿದರೆ ಕನ್ನಡಿಯಂಥ ಹೊಳಪು. ಎಷ್ಟು ಸಲ ನೋಡಿದರೂ ನನಗೆ ಇದು ಮ್ಯಾಜಿಕ್ಕೇ.

ಅಲ್ಲಿಗೆ ನಿಲ್ಲಿಸಬೇಕಿತ್ತು. ರೂಮಿಗೆ ಬಂದು ಮೂಸಿದರೆ ಇನ್ನೂ ಸಣ್ಣ ವಾಸನೆ. ಹೊಸ ಕೊಳವೆ ತೆಗೆಯದೇ ಮತ್ತೆ ಉಪ್ಪು, ಸ್ಪಿರಿಟ್ ಹಾಕಿಬಿಟ್ಟೆ. ಕೊಳವೆಗೆ ತೂತಿಲ್ಲವಲ್ಲ, ಸ್ಪಿರಿಟ್ ಸಂದಿಯಿಂದ ಹೊರಗೆ ಜಿನುಗಿ, ಬೆಳಗ್ಗೆ ಹೊಳಪೆಲ್ಲ ಅಂಟಂಟು! ಅರಗಿಗೆ ಸ್ಪಿರಿಟ್ ಆಗೋದಿಲ್ಲ. ಮರಗೆಲಸದವರು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಫ್ರೆಂಚ್ ಪಾಲಿಶ್ ಮಾಡ್ತಾರೆ ಅನ್ನೋದು ಎಂಜಿನಿಯರಿಂಗ್ ಓದಿದ ನನಗೆ ಆಮೇಲೆ ಹೊಳೀತು. ನಿಮ್ಮ ಮನೆಯ ಚನ್ನಪಟ್ಟಣದ ಬೊಂಬೆಗಳನ್ನು ಸ್ಯಾನಿಟೈಸರ್‌ನಿಂದ ಒರೆಸಬೇಡಿ; ಒಣಬಟ್ಟೆ ಸಾಕು. ಮತ್ತೆ ಚನ್ನಪಟ್ಟಣಕ್ಕೆ ಹೋದೆ. ಅವರು ನಕ್ಕು, ಎರಡೇ ನಿಮಿಷದಲ್ಲಿ ಹೊಸದಾಗಿ ಅರಗು ಹತ್ತಿಸಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಕೊಳವೆ ಬಿಚ್ಚಿಟ್ಟು ಇನ್ನೊಂದು ಸಲ ಉಪ್ಪು ತುಂಬಿ, ಒಂದು ವಾರ ಗಾಳಿಗೆ ಇಟ್ಟ ಮೇಲೆ ವಾಸನೆ ಹೋಯ್ತು.

ಊರಿಗೆ ಹೋಗಿ ಅಪ್ಪನ ಕೈಗೆ ಕೊಟ್ಟೆ. ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಮೊದಲು ಮಾಡಿದ ಕೆಲಸ ಅಂದರೆ ಮೂಸಿದ್ದು. ಆಮೇಲೆ ಬಾಯಿಗಿಟ್ಟು ಎಳೆದರು. ಗಾಳಿ ಬರಲಿಲ್ಲ. ಕೊಳವೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು.

"ತೂತೇ ಇಲ್ವಲ್ಲೋ."

ಏನು ಹೇಳಲಿ? ಏಳು ವರ್ಷ ತಮ್ಮನ್ನು ತಾವೇ ಹಿಡಿದುಕೊಂಡ ಮನುಷ್ಯನ ಮೇಲೆ ಮಗನಿಗೆ ಒಂದು ತೂತಿನಷ್ಟು ನಂಬಿಕೆ ಇರಲಿಲ್ಲ ಅಂತ ಅವರಿಗೆ ತಿಳಿದುಹೋಯ್ತು. ನಾನು ತಲೆ ಬಗ್ಗಿಸಿ ನಿಂತೆ. ಅಪ್ಪ ಕೊಳವೆ ಮತ್ತೆ ಜೋಡಿಸಿ, ಅಂಗಿಗೆ ಒರೆಸಿಕೊಂಡರು.

"ನನ್ನೇ ಒಂದ್ ಮಾತು ಕೇಳಿದ್ರೆ, ನಾನೇ ಬ್ಯಾಡ ಅಂತಿದ್ದೆ ಕಣ್ಲಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಈಗ್ಲೂ ಕನಸಲ್ಲಿ ಬೀಡಿ ಸೇದ್ತೀನಿ" ಅಂತ ಸೇರಿಸಿದರು. ಏಳು ವರ್ಷದಲ್ಲಿ ಈ ಮಾತು ನಮಗೆ ಯಾರಿಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ನಾಟಕದ ದಿನ ಪೈಪು ಹಿಡಿದು ಅಪ್ಪ ಡೈಲಾಗ್ ಹೊಡೆದಾಗ ಮುಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು. ಈಗ ಅದು ಟಿ.ವಿ. ಪಕ್ಕ, ನಾನು ಚಿಕ್ಕವನಿದ್ದಾಗ ಆಡಿದ ಚನ್ನಪಟ್ಟಣದ ಕುದುರೆಯ ಜೊತೆ ಇದೆ. ಅಮ್ಮನೇ ವಾರಕ್ಕೊಮ್ಮೆ ಧೂಳು ಒರೆಸ್ತಾಳೆ, ಒಣಬಟ್ಟೆಯಲ್ಲಿ.