ಮೈಯಲ್ಲಿ ಸಿಲಿಕೋನ್ ಇದೆಯೇ ಎಂದು ಮೊದಲು ಕೇಳಿ



ಸ್ತನದ ಆಕಾರ ತಿದ್ದುವ, ಮೈಕಟ್ಟು ತುಂಬಿಸುವ ಚಿಕಿತ್ಸೆಗಳ ಜಾಹೀರಾತು ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಈಗ ಹೊಸದೇನಲ್ಲ. ಕಂತಿನಲ್ಲಿ ಹಣ ಕಟ್ಟಬಹುದು, ಬೇಗ ಮನೆಗೆ ಹೋಗಬಹುದು ಎಂಬುದೆಲ್ಲ ದಪ್ಪಕ್ಷರದಲ್ಲಿರುತ್ತದೆ. ವರ್ಷಗಳು ಕಳೆದ ಮೇಲೆ ಏನಾದೀತು ಎಂಬ ಮಾತು ಮಾತ್ರ ಇರುವುದಿಲ್ಲ. ನಾನು ನೋಡಿದ ಒಪ್ಪಿಗೆ ಪತ್ರಗಳಲ್ಲಿ ಕ್ಯಾಲ್ಸಿಯಂ ಎಂಬ ಪದವೇ ಕಾಣಲಿಲ್ಲ.

ಇಂಥ ಚಿಕಿತ್ಸೆಗಳಲ್ಲಿ ಮೈಯೊಳಗೆ ಸೇರುವ ಸಿಲಿಕೋನ್ ಕೆಲವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ ಎಂಬುದು 1984ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸಂಗತಿ. ಸಿಲಿಕೋನನ್ನು ಸುತ್ತುವರಿದು ದೇಹದ ರಕ್ಷಣಾ ಕೋಶಗಳು ಗಂಟು ಕಟ್ಟುತ್ತವೆ. ವಿಟಮಿನ್ ಡಿಯನ್ನು ಅದರ ಪ್ರಬಲ ರೂಪಕ್ಕೆ ತಿರುಗಿಸುವುದು ಸಾಮಾನ್ಯವಾಗಿ ಮೂತ್ರಪಿಂಡದ ಕೆಲಸ. ಅದನ್ನು ಈ ಕೋಶಗಳು ಯಾವ ಹಿಡಿತವೂ ಇಲ್ಲದೆ ಮಾಡತೊಡಗುತ್ತವೆ. ಆಗ ಕರುಳು ಕ್ಯಾಲ್ಸಿಯಮ್ಮನ್ನು ಮಿತಿಮೀರಿ ಹೀರುತ್ತದೆ. ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ಸುಸ್ತು, ಕಡೆಗೆ ಮೂತ್ರಪಿಂಡಕ್ಕೇ ಪೆಟ್ಟು. ಸಿಲಿಕೋನ್ ಚೀಲ, ಅಂದರೆ ಇಂಪ್ಲಾಂಟ್, ಹಾಕಿಸಿಕೊಂಡವರಲ್ಲಿ ಇದು ಬಹಳ ಅಪರೂಪ, ಗಾಬರಿಬಿದ್ದು ಅದನ್ನು ತೆಗೆಸಲು ಯಾರೂ ಓಡಬೇಕಿಲ್ಲ. ಹೆಚ್ಚಿನ ಪ್ರಕರಣಗಳು ದ್ರವ ಸಿಲಿಕೋನನ್ನು ಸೂಜಿಯಿಂದ ಚುಚ್ಚಿಸಿಕೊಂಡವರವು. ಅದು ಮಾಂಸದೊಳಗೆ ಹರಡಿಕೊಂಡರೆ ಪೂರ್ತಿ ಹೊರತೆಗೆಯುವುದು ಅಸಾಧ್ಯವೆನ್ನುವಷ್ಟು ಕಷ್ಟ. ಮೈಕಟ್ಟಿಗಾಗಿ ಹೀಗೆ ಚುಚ್ಚಿಸಿಕೊಳ್ಳಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ.

ನನ್ನ ಆಕ್ಷೇಪ ಇಲ್ಲಿಂದ ಶುರು. ಮೈಕೈ ನೋವು, ಸುಸ್ತು ಎಂದರೆ ಸಾಕು, ನಮ್ಮಲ್ಲಿ 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಕೈಗೆ ಬರುತ್ತದೆ, ಜೊತೆಗೆ ಕ್ಯಾಲ್ಸಿಯಂ ಮಾತ್ರೆ. ಹೆಚ್ಚಿನವರಿಗೆ ತೊಂದರೆಯಾಗದು. ಸಿಲಿಕೋನ್ ಗಂಟಿರುವವರಿಗೆ ಅದೇ ಉರಿಯುವ ಬೆಂಕಿಗೆ ತುಪ್ಪ. ಇನ್ನು ಅಂಥ ಗಂಟು ಸ್ಕ್ಯಾನಿನಲ್ಲಿ ಕಂಡರೆ ಮೊದಲ ಅನುಮಾನ ಕ್ಷಯದ ಮೇಲೆ. ಕ್ಷಯವೂ ಕ್ಯಾಲ್ಸಿಯಂ ಏರಿಸಬಲ್ಲದು, ಆದ್ದರಿಂದ ವೈದ್ಯರ ಅನುಮಾನ ತಪ್ಪಲ್ಲ. ಆದರೆ ಹಳೆಯ ಚಿಕಿತ್ಸೆಯ ಬಗ್ಗೆ ಕೇಳದೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸುವುದು ತಪ್ಪು. ಕಾರಣ ಗೊತ್ತಾದರೆ ಸ್ಟೀರಾಯ್ಡ್‌ನಿಂದ ಕ್ಯಾಲ್ಸಿಯಂ ಇಳಿಸಬಹುದು.

ಲಿಂಗತ್ವ ಅಲ್ಪಸಂಖ್ಯಾತ ಸಹೋದರಿಯರ ಪಾಡು ಇನ್ನೂ ಕಠಿಣ. ಶಸ್ತ್ರಚಿಕಿತ್ಸೆಯ ಖರ್ಚು ಭರಿಸಲಾಗದೆ ಕದ್ದುಮುಚ್ಚಿ ಸೂಜಿ ಚುಚ್ಚಿಸಿಕೊಂಡವರು ಅದನ್ನು ಆಸ್ಪತ್ರೆಯಲ್ಲಿ ಹೇಳಲು ಅಂಜುತ್ತಾರೆ, ಏಕೆಂದರೆ ಅಲ್ಲಿ ಅವಮಾನ ಕಾದಿರುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು ರಕ್ಷಣೆಯ 2019ರ ಕಾಯ್ದೆ ಅವರಿಗೆ ಆರೋಗ್ಯ ಸೌಲಭ್ಯ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿ ಮಹಾನಗರ ಪಾಲಿಕೆಗಳು ತಮ್ಮ ಆಸ್ಪತ್ರೆಗಳ ಹೊರರೋಗಿ ಚೀಟಿಯಲ್ಲಿ ಒಂದು ಸಾಲು ಸೇರಿಸಲಿ: ಮೈಯಲ್ಲಿ ಸಿಲಿಕೋನ್ ಇದೆಯೇ, ಯಾವಾಗ ಹಾಕಿಸಿದ್ದು? ಠಾಣೆಯ ಕಳ್ವಾದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಂಥ ಬೋಧನಾ ಆಸ್ಪತ್ರೆಯಿಂದಲೇ ಇದು ಆರಂಭವಾಗಲಿ. ಖಾಸಗಿ ಚಿಕಿತ್ಸಾಲಯಗಳ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರವಲ್ಲ, ಮರಾಠಿ, ಹಿಂದಿ, ಕನ್ನಡದಲ್ಲೂ ಸಿಗಬೇಕು. ಹಾಕಿದ ಇಂಪ್ಲಾಂಟ್‌ನ ಕಂಪನಿ, ಬ್ಯಾಚ್ ಸಂಖ್ಯೆ ಬರೆದ ಕಾರ್ಡು ರೋಗಿಯ ಕೈಗೆ ಬರಬೇಕು.

ವೈದ್ಯಕೀಯ ಸಾಧನಗಳಿಂದಾಗುವ ಹಾನಿಯನ್ನು ದಾಖಲಿಸಲು ಕೇಂದ್ರ ಸರ್ಕಾರ 2015ರಿಂದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ನಡೆಸುತ್ತಿದೆ. ಅಲ್ಲಿಗೆ ವೈದ್ಯರಷ್ಟೇ ಅಲ್ಲ, ರೋಗಿಗಳೂ ವರದಿ ಕೊಡಬಹುದು. ಉಚಿತ ಸಹಾಯವಾಣಿ: 1800-180-3024.

– ಓದುಗಿ, ಡೊಂಬಿವಲಿ ಪೂರ್ವ