ಫೋನು ಜೇಬಿನಲ್ಲಿರಲಿ, ಲೆಕ್ಕ ಮನೆಯಲ್ಲಿರಲಿ



ನಮ್ಮ ಮಲೆನಾಡಿನ ಯಾವ ಹಳೆಯ ಮನೆಗೆ ಹೋದರೂ ಅಟ್ಟದ ಮೇಲೋ ಒಳಕೋಣೆಯಲ್ಲೋ ಒಂದು ತಗಡಿನ ಟ್ರಂಕು ಇರುತ್ತದೆ. ಅದರೊಳಗೆ ಕಾಫಿ ಬೋರ್ಡಿನ ಪೂಲಿಗೆ ಕಾಫಿ ಒಪ್ಪಿಸಿದ ಕಾಲದ ರಸೀತಿಗಳು, ಕಂದಾಯ ಕಟ್ಟಿದ ಚೀಟಿಗಳು, ಅಜ್ಜನ ಕೈಬರಹದ ಮಳೆಪುಸ್ತಕ. ಗೆದ್ದಲು ಒಂದು ಮೂಲೆಯನ್ನು ತಿಂದಿರಬಹುದು. ಆದರೂ 1961ರ ಜುಲೈ ತಿಂಗಳಲ್ಲಿ ತೋಟಕ್ಕೆ ಎಷ್ಟು ಇಂಚು, ಎಷ್ಟು ಸೆಂಟು ಮಳೆಯಾಯಿತೆಂಬುದು ಅಲ್ಲಿ ಸಿಗುತ್ತದೆ. ಅದೇ ಮನೆಯಲ್ಲಿ ಮೂರು ವರ್ಷದ ಹಿಂದಿನ ಲೆಕ್ಕ ಕೇಳಿ ನೋಡಿ. ಯಜಮಾನರು ಜೇಬಿನಿಂದ ಫೋನು ತೆಗೆದು, ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ತಳ್ಳಿ, “ಇಲ್ಲೇ ಎಲ್ಲೋ ಇತ್ತು” ಎನ್ನುತ್ತಾರೆ.

ಫೋನಿನ ವಿರುದ್ಧ ನಾವು ಬರೆಯುತ್ತಿದ್ದೇವೆಂದು ಯಾರೂ ಭಾವಿಸಬೇಕಾಗಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಪೋಸ್ಟಾಫೀಸಿನ ಬೆಂಚಿನ ಮೇಲೆ ಕುಳಿತ ತಲೆಮಾರು ನಮ್ಮದು. ಮನೆಯಲ್ಲೇ ಕುಳಿತು ಹೊಳೆಬದಿಯ ಪಂಪನ್ನು ಫೋನಿನಿಂದ ಚಾಲೂ ಮಾಡುವ ಸುಖ ನಮಗೂ ಗೊತ್ತು. ಪಹಣಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುವುದು ತಪ್ಪಿದ್ದೂ ಸಣ್ಣ ಮಾತಲ್ಲ. ನಮ್ಮ ತಕರಾರು ಇಷ್ಟೇ: ಫೋನು ಕೈಗೆ ಸಿಕ್ಕ ಒಂದು ಒಳ್ಳೆಯ ಕತ್ತಿ. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇವೆ, ಕೆಲಸವಾದ ಮೇಲೆ ತೂಗುಹಾಕುತ್ತೇವೆ. ಅದನ್ನೇ ಕಣಜ ಮಾಡಿಕೊಳ್ಳುವುದಿಲ್ಲ. ಫೋನನ್ನು ಮಾತ್ರ ನಾವು ಕತ್ತಿ, ಕಣಜ, ತಿಜೋರಿ, ಪಂಚಾಂಗ ಎಲ್ಲವನ್ನೂ ಮಾಡಿ ಕೂರಿಸಿದ್ದೇವೆ. ಅದು ಕೊಳಗಕ್ಕೆ ಬಿದ್ದ ದಿನ ಎಲ್ಲವೂ ಒಟ್ಟಿಗೆ ಬೀಳುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಸದಸ್ಯರೊಬ್ಬರು ಕೊಯ್ಲಿನ ನಡುವೆಯೇ ಹಠಾತ್ತಾಗಿ ತೀರಿಕೊಂಡರು. ಬಹಳ ಅಚ್ಚುಕಟ್ಟಿನ ಮನುಷ್ಯರು. ಯಾರಿಗೆ ಎಷ್ಟು ಮೂಟೆ ಹೋಗಿದೆ, ಯಾರಿಂದ ಎಷ್ಟು ಬರಬೇಕು, ಆಳುಗಳ ಮುಂಗಡ ಎಷ್ಟು, ಎಲ್ಲವನ್ನೂ ಫೋನಿನಲ್ಲಿ ಬರೆದಿಟ್ಟಿದ್ದರು. ಫೋನಿನ ಬೀಗದ ಸಂಖ್ಯೆ ಮಾತ್ರ ಅವರ ತಲೆಯಲ್ಲಿತ್ತು. ಹೆಂಡತಿಗೆ ಗೊತ್ತಿಲ್ಲ, ಬೆಂಗಳೂರಿನಲ್ಲಿದ್ದ ಮಗನಿಗೂ ಗೊತ್ತಿಲ್ಲ. ಬ್ಯಾಂಕಿನವರು ಕಳುಹಿಸುವ ಗುಪ್ತಸಂಖ್ಯೆಯೂ ಬರುತ್ತಿದ್ದುದು ಅದೇ ಫೋನಿಗೆ. ಕಾಫಿ ಒಯ್ದಿದ್ದ ವ್ಯಾಪಾರಿಗಳಲ್ಲಿ ಒಬ್ಬರು ತಾವಾಗಿಯೇ ಬಂದು ಲೆಕ್ಕ ತೋರಿಸಿ ಹಣ ಕೊಟ್ಟರು. ಇನ್ನೊಬ್ಬರು ಬರಲೇ ಇಲ್ಲ. ಎಷ್ಟು ಬರಬೇಕಾಗಿತ್ತೆಂಬುದು ಆ ತಾಯಿಗೆ ಇಂದಿಗೂ ತಿಳಿಯದು. ಒಂದು ನೂರು ಪುಟದ ನೋಟ್‌ಬುಕ್ಕು ಮೇಜಿನ ಮೇಲಿದ್ದಿದ್ದರೆ ಈ ಕಷ್ಟ ಇರುತ್ತಿರಲಿಲ್ಲ.

ಆದ್ದರಿಂದ ನಮ್ಮ ಮೊದಲ ಸಲಹೆ ಯಂತ್ರದ್ದಲ್ಲ, ಮನೆಯದು. ಫೋನಿನ ಬೀಗದ ಸಂಖ್ಯೆ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಬೇಕು. ಯಾವ ಯಾವ ಬ್ಯಾಂಕಿನಲ್ಲಿ ಖಾತೆ ಇದೆ, ನಾಮಿನಿ ಯಾರು, ಯಾವ ಖಾತೆಗೆ ಯಾವ ಮೊಬೈಲ್ ನಂಬರು ಕೊಟ್ಟಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಬೇಕು. ನಂಬರಿನ ಮಾತನ್ನು ವಿಶೇಷವಾಗಿ ಹೇಳುವುದಕ್ಕೆ ಕಾರಣವುಂಟು. ನಮ್ಮ ಗುಡ್ಡದ ಮನೆಗಳಲ್ಲಿ ಒಂದು ಕಂಪನಿಯ ಸಿಗ್ನಲ್ ಸಿಗದೆ ಇನ್ನೊಂದು ಸಿಮ್ ಕೊಂಡವರು ಅನೇಕರು. ಹಳೆಯದು ಡ್ರಾಯರಿನಲ್ಲಿ ಮಲಗಿರುತ್ತದೆ, ಬ್ಯಾಂಕಿಗೆ ಕೊಟ್ಟಿರುವುದು ಅದೇ ನಂಬರು. ದುಡ್ಡು ತುಂಬಿಸದೆ, ಬಳಸದೆ 90 ದಿನ ಬಿಟ್ಟರೆ ಅದು ರದ್ದಾಗಬಹುದು. ಮುಂದೆ ಬೇರೆ ಯಾರಿಗೋ ಹಂಚಿಕೆಯೂ ಆಗಬಹುದು. ನಮ್ಮ ಹಣದ ಸಂದೇಶ ಅಪರಿಚಿತರ ಜೇಬಿನಲ್ಲಿ ಸದ್ದು ಮಾಡುವುದು ಯಾರಿಗೆ ಬೇಕು?

ಇನ್ನು ಚೀಟಿಗಳ ವಿಷಯ. ಈಗ ತೂಕದ ಯಂತ್ರದಿಂದಲೂ ಗೊಬ್ಬರದ ಅಂಗಡಿಯಿಂದಲೂ ಬರುವ ನುಣುಪಾದ ಬಿಳಿ ಬಿಲ್ಲಿನ ಮೇಲಿರುವುದು ಮಸಿಯಲ್ಲ; ಶಾಖಕ್ಕೆ ಕಪ್ಪಾಗುವ ಲೇಪ. ಒಲೆಯ ಮೇಲಿನ ಗೂಡಿನಲ್ಲೋ ಜೀಪಿನ ಡ್ಯಾಶ್‌ಬೋರ್ಡಿನಲ್ಲೋ ಪ್ಲಾಸ್ಟಿಕ್ ಲಕೋಟೆಯಲ್ಲೋ ಇಟ್ಟರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬರೀ ಕಾಗದ ಉಳಿಯುತ್ತದೆ. ಕೊಂಡ ದಿನವೇ ಅದರ ಚಿತ್ರ ತೆಗೆಯಿರಿ, ಜೊತೆಗೆ ತೂಕ, ದರ, ತಾರೀಕು ಮೂರನ್ನೂ ಪುಸ್ತಕಕ್ಕೆ ಇಳಿಸಿರಿ. ಚಿತ್ರ ಸಾಕಲ್ಲವೇ ಎಂದು ಯುವಕರು ಕೇಳುತ್ತಾರೆ. ಸಾಕಾಗುವುದಿಲ್ಲ. ಮದುವೆಮನೆಯ ಚಿತ್ರ, ಶುಭೋದಯದ ಹೂವು, ಕಾಳಿಂಗ ಸರ್ಪ ಹಿಡಿದ ವಿಡಿಯೋಗಳ ನಡುವೆ ಆ ಒಂದು ಬಿಲ್ಲನ್ನು ಎರಡು ವರ್ಷದ ಮೇಲೆ ಹುಡುಕಿ ತೆಗೆದವರನ್ನು ನಾವು ಇನ್ನೂ ಕಂಡಿಲ್ಲ.

“ಎಲ್ಲವೂ ಮೋಡದಲ್ಲಿ ಇರುತ್ತದೆ” ಎಂಬ ಮಾತೂ ಕೇಳಿಬರುತ್ತದೆ. ನಮ್ಮ ಮೋಡಗಳ ಸ್ವಭಾವ ಬಲ್ಲವರು ಇದನ್ನು ನಂಬಬಾರದು! ಗೂಗಲ್‌ನವರು ಒಂದು ಕಾಲಕ್ಕೆ ಚಿತ್ರಗಳನ್ನು ಎಷ್ಟಾದರೂ ಪುಕ್ಕಟೆ ಇಟ್ಟುಕೊಳ್ಳುತ್ತಿದ್ದರು. 2021ರ ಜೂನ್ 1ರಿಂದ ಅದನ್ನು ನಿಲ್ಲಿಸಿದರು. ಈಗ ಒಂದು ಖಾತೆಗೆ ಪತ್ರ, ಕಡತ, ಚಿತ್ರ ಎಲ್ಲ ಸೇರಿ 15 ಜಿಬಿ ಪುಕ್ಕಟೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಪ್ರತಿಯೂ 2024ರಿಂದ ಅದೇ ಲೆಕ್ಕಕ್ಕೆ ಸೇರಿದೆ. ಅದು ತುಂಬಿದ ಮೇಲೆ ಹೊಸದು ಮೇಲೇರುವುದಿಲ್ಲ. ಫೋನು ಎಚ್ಚರಿಕೆ ಕೊಡುತ್ತದೆ, ನಾವು ಬೆರಳಿನಿಂದ ಸರಿಸುತ್ತೇವೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅವರು ಅಳಿಸಲೂಬಹುದು. ಬೇಡವಾದ ವಿಡಿಯೋಗಳನ್ನು ತಿಂಗಳಿಗೊಮ್ಮೆ ಅಳಿಸುವುದು, ಅಪರಿಚಿತ ಗುಂಪುಗಳಿಂದ ಚಿತ್ರಗಳು ತಾವಾಗಿಯೇ ಇಳಿಯದಂತೆ ವಾಟ್ಸಾಪಿನ ಸೆಟ್ಟಿಂಗ್ ಬದಲಿಸುವುದು, ಈ ಎರಡನ್ನು ಮನೆಯ ಮಕ್ಕಳಿಂದ ಒಮ್ಮೆ ಕಲಿತುಕೊಂಡರೆ ಜಾಗದ ತಾಪತ್ರಯ ಬಹುಪಾಲು ನೀಗುತ್ತದೆ.

ಮುಖ್ಯವಾದ ಕಾಗದಗಳ ಪ್ರತಿಯನ್ನು, ಎಂದರೆ ಪಹಣಿ, ನಕ್ಷೆ, ಕ್ರಯಪತ್ರ, ಸಾಲದ ಪತ್ರಗಳನ್ನು ಎರಡು ಪೆನ್‌ಡ್ರೈವುಗಳಲ್ಲಿ ತುಂಬಿ ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಊರ ಹೊರಗಿರುವ ಮಗಳ ಮನೆಯಲ್ಲಿ ಇಡುವುದು ನಮ್ಮ ಅಭಿಪ್ರಾಯದಲ್ಲಿ ಒಳ್ಳೆಯ ಪದ್ಧತಿ. ಆದರೆ ಪೆನ್‌ಡ್ರೈವೂ ಶಾಶ್ವತವಲ್ಲ. ವರ್ಷಗಟ್ಟಲೆ ವಿದ್ಯುತ್ ಕಾಣದೆ ಬಿದ್ದಿದ್ದರೆ ಒಳಗಿನ ಗುರುತು ಮಾಸಬಹುದು. ದೀಪಾವಳಿಗೊಮ್ಮೆ ಕಂಪ್ಯೂಟರಿಗೆ ಸಿಕ್ಕಿಸಿ ತೆರೆದು ನೋಡಬೇಕು. ಆಷಾಢದ ತೇವಕ್ಕೆ ಅದರ ತುದಿ ಹಸಿರುಗಟ್ಟದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ ಆ ಸಿಲಿಕಾ ಪೊಟ್ಟಣದೊಡನೆ ಇಡಬೇಕು. ಚಾಲಿ ಅಡಿಕೆಗೆ ಮಾಡುವಷ್ಟು ಉಪಚಾರ ಸಾಕು. ಏಪ್ರಿಲ್–ಮೇ ತಿಂಗಳ ಗುಡುಗಿಗೆ ಪ್ರತಿವರ್ಷ ಎಷ್ಟು ಚಾರ್ಜರು, ಎಷ್ಟು ಮೋಡೆಮ್ಮು ಸುಡುತ್ತವೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಒಣಕಣದ ಸಿಮೆಂಟಿನ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಫೋನು ಇಡುವವರಿಗೂ ಒಂದು ಮಾತು: ಬ್ಯಾಟರಿಯ ಆಯುಸ್ಸನ್ನು ಶಾಖ ತಿನ್ನುವಷ್ಟು ಬೇರಾವುದೂ ತಿನ್ನುವುದಿಲ್ಲ.

ಮಳೆಪುಸ್ತಕವನ್ನಂತೂ ಫೋನಿಗೆ ಒಪ್ಪಿಸಲೇಬಾರದೆಂದು ನಮ್ಮ ಹಟ. ಹೂಮಳೆ ಬಿದ್ದ ದಿನ, ಹೂವರಳಿದ ದಿನ, ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು. ಅಡಿಕೆಗೆ ಬೋರ್ಡೋ ಹೊಡೆದದ್ದು ಯಾವಾಗ, 40–45 ದಿನಕ್ಕೆ ಎರಡನೆಯ ಸಿಂಪಡಣೆ ಮಾಡಲು ಮಳೆ ಬಿಡುವು ಕೊಟ್ಟಿತೇ. ಇವು ಒಂದೇ ಸಾಲಿನಲ್ಲಿ ಕಣ್ಣಿಗೆ ಬೀಳಬೇಕು. ಹವಾಮಾನಾಧಾರಿತ ಬೆಳೆವಿಮೆಯ ಪರಿಹಾರ ನಿರ್ಧಾರವಾಗುವುದು ಪಂಚಾಯತಿಯ ಮಳೆಮಾಪಕದ ಅಂಕಿಯಿಂದ, ನಮ್ಮ ಪುಸ್ತಕದಿಂದಲ್ಲ, ನಿಜ. ಆದರೆ ಗುಡ್ಡದ ಆಚೆ ಹತ್ತು ಸೆಂಟು, ಈಚೆ ಎರಡಿಂಚು ಬೀಳುವ ಈ ಸೀಮೆಯಲ್ಲಿ ಆ ಅಂಕಿಯನ್ನು ಪ್ರಶ್ನಿಸಿ ಅರ್ಜಿ ಹಾಕಬೇಕಾದರೆ ಕೈಯಲ್ಲಿ ಏನಾದರೂ ಇರಬೇಕಷ್ಟೆ.

ಹಾಗೆಯೇ ತೋಟದ ಅಕ್ಷಾಂಶ ರೇಖಾಂಶ. ಅರಣ್ಯನಾಶದ ಬಗ್ಗೆ ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿದ್ದು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನ ಕಾಫಿಯನ್ನು ಕೊಳ್ಳುವುದಿಲ್ಲವೆನ್ನುತ್ತದೆ. ಜಾರಿಯ ದಿನವನ್ನು ಎರಡು ಸಲ ಮುಂದೂಡಿದ್ದಾರೆಂದು ನಾವು ಸುಮ್ಮನಿರುವಂತಿಲ್ಲ. ನಾಲ್ಕು ಹೆಕ್ಟೇರಿನವರೆಗಿನ ತುಂಡಿಗೆ ಒಂದು ಬಿಂದುವಿನ ಗುರುತು ಸಾಕು, ಅದಕ್ಕೆ ಮೇಲ್ಪಟ್ಟರೆ ಸುತ್ತಳತೆ ಬೇಕು; ದಶಾಂಶದ ನಂತರ ಆರು ಅಂಕಿ. ತೋಟದಲ್ಲಿ ನಿಂತು ಫೋನಿನಿಂದ ಪಡೆದ ಆ ಅಂಕಿಗಳನ್ನು ಪಹಣಿಯ ಪ್ರತಿಯ ಬೆನ್ನಿಗೆ ಬರೆದಿಟ್ಟರೆ ನಾಳೆ ಫೋನು ಬದಲಾದರೂ ತೋಟ ಕಳೆದುಹೋಗುವುದಿಲ್ಲ.

ಈಗ ದರದ ಚಟಕ್ಕೆ ಬರೋಣ. ಪೂಲಿನ ಕಾಲದಲ್ಲಿ ಬೆಳೆಗಾರನಿಗೆ ನೋಡಲು ದರವೇ ಇರಲಿಲ್ಲ. ಕಾಫಿ ಒಪ್ಪಿಸಿ ಕಂತಿನ ಹಣಕ್ಕೆ ಕಾಯುವುದಷ್ಟೇ ಕೆಲಸ. 1996ರ ಹೊತ್ತಿಗೆ ಮಾರಾಟ ಪೂರ್ಣ ಮುಕ್ತವಾಯಿತು. ಈಗ ದಿನಕ್ಕೆ ನಲವತ್ತು ಸಲ ದರ ನೋಡುತ್ತೇವೆ. ರೊಬಸ್ಟಾ ಲಂಡನ್ನಿನಲ್ಲಿ 2024ರಲ್ಲಿ ಟನ್ನಿಗೆ 5,000 ಡಾಲರು ದಾಟಿದಾಗ, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಅರೇಬಿಕಾ ಪೌಂಡಿಗೆ 4 ಡಾಲರು ದಾಟಿದಾಗ, ಕಣದಲ್ಲಿ ಕಾಫಿ ತಿರುವುವವರು ಕಡಿಮೆಯಾಗಿ ಫೋನು ತಿರುವುವವರು ಹೆಚ್ಚಾಗಿದ್ದರು. ಲಂಡನ್ ಪೇಟೆ ತೆರೆಯುವುದು ನಮ್ಮ ಮಧ್ಯಾಹ್ನದ ಊಟದ ಹೊತ್ತಿನ ಮೇಲೆ, ಮುಚ್ಚುವುದು ರಾತ್ರಿ ಹತ್ತು–ಹನ್ನೊಂದಕ್ಕೆ. ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಪೇಟೆಯ ವ್ಯಾಪಾರಿ ಹೇಳುವ ದರ ಹಿಂದಿನ ರಾತ್ರಿಯ ಮುಕ್ತಾಯ, ರೂಪಾಯಿ–ಡಾಲರಿನ ವಿನಿಮಯ ಮತ್ತು ನಿಮ್ಮ ಕಾಫಿಯ ಔಟ್‌ಟರ್ನು, ತೇವಾಂಶದ ಮೇಲೆ ನಿಂತಿರುತ್ತದೆ. ಹಾಗಿರುವಾಗ ಬೆಳಿಗ್ಗೆ ಒಮ್ಮೆ, ಮಾರುವ ಇರಾದೆಯಿದ್ದರೆ ಸಂಜೆ ಒಮ್ಮೆ ನೋಡಿದರೆ ಧಾರಾಳವಾಯಿತು. ನಡುವೆ ನೋಡಿದ್ದರಿಂದ ಎದೆಬಡಿತ ಹೆಚ್ಚುತ್ತದೆಯೇ ಹೊರತು ಮೂಟೆಯ ತೂಕ ಹೆಚ್ಚುವುದಿಲ್ಲ.

ಅಡಿಕೆಯಲ್ಲಿ ಇನ್ನೊಂದು ಮೋಸವಿದೆ. ಶಿವಮೊಗ್ಗದ ಪೇಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ದರ್ಜೆ, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ, ಸಾಮಾನ್ಯ ಎಂದು ಮೂರು ದರ. ಗುಂಪುಗಳಲ್ಲಿ ಹರಿದಾಡುವುದು ಸರಕಿನ ಗರಿಷ್ಠ ಒಂದೇ. ರಾಶಿಯವನು ಅದನ್ನು ನೋಡಿ ಮನೆಗೆ ಬಂದ ನ್ಯಾಯವಾದ ದರವನ್ನು ಬಿಟ್ಟುಕೊಡುತ್ತಾನೆ. ಸಂದೇಶದ ತಲೆಯ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. ತಾರೀಕು ಯಾವುದೆಂದು ನೋಡದೆ ನಂಬಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಖಾತೆಗಳಲ್ಲಿ ಹಣ ಇರುತ್ತದೆಂಬುದು ಕಳ್ಳರಿಗೂ ಗೊತ್ತು. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ ಹೆದರಿಸುವವರಿಗೆ ಉತ್ತರ ಕೊಡದೆ ಕತ್ತರಿಸಿ. ಹಣ ಹೋಗಿದ್ದರೆ ಆ ಗಳಿಗೆಯೇ 1930ಕ್ಕೆ ಕರೆ ಮಾಡಿ. ನಾಚಿಕೊಂಡು ಎರಡು ದಿನ ತಡೆದರೆ ಹಣ ಸಿಗುವ ಆಸೆ ಕಡಿಮೆ.

ಕೊನೆಯದಾಗಿ ಬರವಣಿಗೆಯ ಮಾತು. ನಮ್ಮ ಯುವ ಸದಸ್ಯರು ಕಾಂಡಕೊರಕ ಬಿದ್ದ ಗಿಡದ ಚಿತ್ರವನ್ನೂ, ಕೊಳೆ ತಡೆದ ಉಪಾಯವನ್ನೂ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕುತ್ತಾರೆ. ಬಹಳ ಒಳ್ಳೆಯ ಮಾಹಿತಿ. ಆದರೆ 24 ಗಂಟೆಗೆ ಅಳಿಸಿಹೋಗುತ್ತದೆ. ಮುಂದಿನ ಮಳೆಗಾಲದಲ್ಲಿ ಅದು ಬೇಕಾದವನಿಗೆ ಸಿಗುವುದಿಲ್ಲ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಡುವ ಸಂಕಲ್ಪದಿಂದ ಹೊರಟಿತು. ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ತೋಟದವರೇ ತಮ್ಮ ಅನುಭವ ಬರೆದರು, ಮತ್ತು ಅದರ ಹಳೆಯ ಸಂಚಿಕೆಗಳನ್ನು ಇಂದಿಗೂ ತೆಗೆದು ಓದುವವರಿದ್ದಾರೆ. ನಾವು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ಸ್ಟೇಟಸ್ಸಿಗೆ ಹಾಕುವ ಮುನ್ನ ಅದನ್ನೇ ಹತ್ತು ಸಾಲಿನಲ್ಲಿ, ತಾರೀಕು, ಪ್ರಮಾಣ, ಖರ್ಚು ಸಹಿತ ಬರೆದು ಈ ಪತ್ರಿಕೆಗೆ ಕಳುಹಿಸಿರಿ. ಫೋನಿನಲ್ಲಿ ಮಾತಾಡಿದರೆ ಅದೇ ಕನ್ನಡದಲ್ಲಿ ಬರೆದುಕೊಡುತ್ತದೆ. ಕಾಗುಣಿತವನ್ನು ನಾವು ತಿದ್ದಿಕೊಳ್ಳುತ್ತೇವೆ. ಮುಂದಿನ ಸಂಚಿಕೆಗೆ ಕೊಳೆರೋಗದ ಎರಡನೆಯ ಸಿಂಪಡಣೆಯ ಅನುಭವಗಳು ಬೇಕಾಗಿವೆ. ತಿಂಗಳ 20ನೇ ತಾರೀಕಿನೊಳಗೆ ಸಂಘದ ಕಚೇರಿಗೆ ತಲುಪಿಸಿರಿ. ಬರುವಾಗ ಮಳೆಪುಸ್ತಕವನ್ನೂ ತಂದರೆ ಅದರ ಒಂದು ಪ್ರತಿ ತೆಗೆದು ಕಚೇರಿಯ ಬೀರುವಿನಲ್ಲಿಡಲು ಏರ್ಪಾಡು ಮಾಡಿದ್ದೇವೆ.

— ಕಾರ್ಯದರ್ಶಿ