ಬೇಸಾಯಗಾರನ ಮನೋವ್ಯಥೆಯೂ ಗ್ರಾಮದ ಮುಖಂಡರ ಕರ್ತವ್ಯವೂ

ಪೈರಿಗೆ ರೋಗವು ತಗುಲಿದರೆ ಗ್ರಾಮದ ಮುಖಂಡರು ತಡಮಾಡದೆ ಇಲಾಖೆಯವರಿಗೆ ತಿಳಿಸುವರು. ದನಕ್ಕೆ ಕಾಲುಬಾಯಿ ಜ್ವರ ಬಂದರೆ ಅದೇ ದಿನ ಪಶುವೈದ್ಯರನ್ನು ಕರೆಸುವರು. ಬೇಸಾಯಗಾರನ ಮನಸ್ಸು ಕುಗ್ಗಿದಾಗ ಮಾತ್ರ, ಕಾಲ ಕಳೆದಂತೆ ಸರಿಹೋದೀತೆಂದು ಸುಮ್ಮನಿರುವುದು ವಾಡಿಕೆಯಾಗಿದೆ. ಈ ವಾಡಿಕೆಯಿಂದ ಕೆಲವೊಮ್ಮೆ ಪ್ರಾಣಹಾನಿಯೇ ಸಂಭವಿಸುವುದು.

ಚಿಕಿತ್ಸೆಯು ದೂರವಿರುವುದೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಬೆಂಗಳೂರಿನ ಪಶ್ಚಿಮಕ್ಕಿರುವ ಮಾರೇನಹಳ್ಳಿಯು ಈಗ ವಿಜಯನಗರದ ಬೀದಿಗಳೊಡನೆ ಸೇರಿಹೋಗಿದೆ. ಅಲ್ಲಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಗೆ ಕೆಲವೇ ಮೈಲಿಗಳು. ಈ ಸಂಸ್ಥೆಯ ಮೂಲವಾದ ಆಸ್ಪತ್ರೆಯು 1925ರಲ್ಲಿಯೇ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆದಿತ್ತು. ಆದರೂ ಅಲ್ಲಿಗೆ ಹೋದವನಿಗೆ ಹುಚ್ಚನೆಂಬ ಹೆಸರು ಬಂದೀತು, ಮಕ್ಕಳ ಮದುವೆಗೆ ಅಡ್ಡಿಯಾದೀತು ಎಂಬ ಅಂಜಿಕೆಯಿಂದ ಹತ್ತಿರದವರೂ ಹಿಂಜರಿಯುವುದುಂಟು. ನಾಚಿಕೆಯೇ ಇಲ್ಲಿ ದೊಡ್ಡ ಅಡ್ಡಿ.

ಈ ಅಡ್ಡಿಯನ್ನು ಹಳ್ಳಿಯಲ್ಲಿಯೇ ನಿವಾರಿಸಲು ಪ್ರಯತ್ನಗಳು ನಡೆದಿವೆ. ನಿಮ್ಹಾನ್ಸ್ ಸಂಸ್ಥೆಯು 1976ರಲ್ಲಿ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸಾಮಾನ್ಯ ವೈದ್ಯರಿಗೂ ಈ ವ್ಯಾಧಿಗಳನ್ನು ಗುರುತಿಸುವ ಶಿಕ್ಷಣವನ್ನು ಕೊಡಿಸಿತು. 1980ರ ದಶಕದಲ್ಲಿ ಈ ಕ್ರಮವನ್ನು ಬಳ್ಳಾರಿ ಜಿಲ್ಲೆಯಲ್ಲಿ ಆಚರಿಸಿ ನೋಡಲಾಯಿತು. 1996ರಲ್ಲಿ ಅದೇ ಮಾದರಿಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಆದರೆ ವೈದ್ಯರಿಗಿಂತ ಮೊದಲು ನೆರೆಹೊರೆಯವನ ಬದಲಾವಣೆಯನ್ನು ಕಾಣತಕ್ಕವರು ಗ್ರಾಮದ ಹಿರಿಯರೇ ಸರಿ.

ಬಿತ್ತನೆಯ ಹದ ಬಂದರೂ ಹೊಲಕ್ಕೆ ಹೋಗದಿರುವುದು, ದನಕರುಗಳ ಆರೈಕೆಯನ್ನು ಬಿಡುವುದು, ಊಟ ನಿದ್ರೆಗಳು ಕೆಡುವುದು, ಸಂತೆಗೂ ಹಬ್ಬಕ್ಕೂ ಬಾರದೆ ಒಂಟಿಯಾಗಿರುವುದು, ಕುಡಿತವು ಹೆಚ್ಚುವುದು, ಇವು ಎರಡು ವಾರ ಮುಂದುವರಿದರೆ ಸೋಮಾರಿತನವೆಂದು ಹಳಿಯದೆ ವೈದ್ಯರ ಬಳಿಗೆ ಕಳುಹಿಸತಕ್ಕದ್ದು. ತಾನಿದ್ದು ಫಲವಿಲ್ಲವೆಂಬ ಮಾತು ಬಂದರೆ ಒಂದು ದಿನವೂ ಕಾಯಲಾಗದು. ಸಾಯಬೇಕೆಂಬ ಯೋಚನೆಯಿದೆಯೇ ಎಂದು ಮೆಲ್ಲಗೆ, ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆಯು ಹೊಸದಾಗಿ ಹುಟ್ಟುವುದಿಲ್ಲ.

ಅಂಥವನನ್ನು ಒಂಟಿಯಾಗಿ ಬಿಡದೆ, ಕೀಟನಾಶಕಗಳನ್ನು ಆ ಮನೆಯಿಂದಲೇ ಬೇರೆಡೆಗೆ ಸಾಗಿಸಬೇಕು. ಸಾವಿನ ಆವೇಗವು ಬಹುಮಟ್ಟಿಗೆ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ವಿಷವು ಕೈಗೆ ಸಿಕ್ಕದಿದ್ದರೆ ಜೀವವು ಉಳಿಯಬಹುದು. ಶ್ರೀಲಂಕಾದಲ್ಲಿ 1995ರಿಂದೀಚೆಗೆ ಅತಿ ವಿಷಮಯವಾದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳವಾಗಿ ಇಳಿದುವು. ಬೆಳೆಯ ಇಳುವರಿಗೆ ಎದ್ದುಕಾಣುವ ಕುಂದು ಬರಲಿಲ್ಲ.

ಭೂಮಾಲೀಕರಿಗೆ ಇನ್ನೊಂದು ಹೊಣೆಯುಂಟು. ಬಾಕಿಯನ್ನು ಕೇಳುವಾಗ ನಾಲ್ವರೆದುರು ಮಾನ ಕಳೆಯುವುದು ಸರ್ವಥಾ ತಕ್ಕುದಲ್ಲ. ಕಂತುಗಳನ್ನು ಗೊತ್ತುಮಾಡಿದರೆ ಹಣವೂ ಬರುವುದು, ಮನುಷ್ಯನೂ ಉಳಿಯುವನು.

ಸಲಹೆಗಾಗಿ 14416 ಎಂಬ ಟೆಲಿ ಮಾನಸ್ ದೂರವಾಣಿಗೆ ಹಗಲಿರುಳೂ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಖಿನ್ನತೆಯ ಔಷಧವು ಗುಣತೋರಲು ಕೆಲವು ವಾರಗಳು ಬೇಕು. ಇಂದು ಹಾಕಿದ ಗೊಬ್ಬರವು ನಾಳೆಯೇ ಫಲ ಕೊಡದು. ಆದಕಾರಣ ವೈದ್ಯರು ಹೇಳುವವರೆಗೂ ಅದನ್ನು ಬಿಡಕೂಡದೆಂದು ಮನೆಯವರಿಗೆ ತಿಳಿಯಹೇಳತಕ್ಕದ್ದು. ಗ್ರಾಮದ ಹಿರಿಯನೊಬ್ಬನು ತಾನೇ ಜೊತೆಗೂಡಿ ರೋಗಿಯನ್ನು ಹಗಲು ಹೊತ್ತಿನಲ್ಲಿ, ಎಲ್ಲರೂ ಕಾಣುವಂತೆ ಆಸ್ಪತ್ರೆಗೆ ಕರೆದೊಯ್ದರೆ, ಮುಂದಿನವನ ನಾಚಿಕೆಯು ಅರ್ಧಕ್ಕರ್ಧ ಕಳೆಯುವುದು.